ಬಾಳೆದಿಂಡು ಮತ್ತು ನನ್ನ ಕಲ್ಲು

ಕಳೆದ ಮೇ ತಿಂಗಳ ಒಂದು ರಾತ್ರಿ, ನಾರಾಯಣಗೂಡದ ನಮ್ಮ ಮನೆಯಲ್ಲಿ, ಎಡಪಕ್ಕೆಯಿಂದ ತೊಡೆಸಂದಿನವರೆಗೆ ಇಳಿದ ನೋವಿಗೆ ನೆಲದ ಮೇಲೆ ಹೊರಳಾಡಿಬಿಟ್ಟೆ. ಸ್ಕ್ಯಾನಿನಲ್ಲಿ ಕಂಡದ್ದು 4 ಮಿಲಿಮೀಟರಿನ ಒಂದು ಕಲ್ಲು, ಅಷ್ಟೆ! ಮರುದಿನವೇ ಅಮ್ಮ ಬಾಳೆದಿಂಡು ತರಿಸಿ, ಹೆಚ್ಚುತ್ತಾ ನಾರನ್ನು ಬೆರಳಿಗೆ ಸುತ್ತಿ ತೆಗೆದು ಪಲ್ಯ ಮಾಡಿದಳು. ಜೊತೆಗೆ ಹುರುಳಿಕಟ್ಟಿನ ಸಾರು. ಪಕ್ಕದ ಮನೆಯ ತೆಲುಗಿನವರು ಉಲವಚಾರು ಕಳಿಸಿದರು. ಅದೂ ಹುರುಳಿಯೇ! 10ನೆಯ ದಿನ ಕಲ್ಲು ಬಿತ್ತು. ದಿಂಡಿನ ಮಹಿಮೆ ಎಂದಳು ಅಮ್ಮ. ಡಾಕ್ಟರು ಮಾತ್ರ, 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಬಹುಪಾಲು ತಾವಾಗಿಯೇ ಇಳಿಯುತ್ತವೆ ಎಂದರು. ಇಬ್ಬರ ಎದುರೂ ತಲೆಯಾಡಿಸಿದೆ.

ಆದರೆ ಯುವಮಿತ್ರರೇ, ನಮ್ಮ ಚಿಕ್ಕಪ್ಪ ಇದೇ ದಿಂಡಿನ ರಸವನ್ನು ನಂಬಿ, ಚಳಿಜ್ವರ ಬಂದರೂ ಆಸ್ಪತ್ರೆಗೆ ಹೋಗದೆ, ಒಂದು ಮೂತ್ರಪಿಂಡವನ್ನೇ ಕಳೆದುಕೊಂಡರು. ನೋವಿನ ಜೊತೆ ಜ್ವರ ಬಂದರೆ, ಮೂತ್ರ ನಿಂತರೆ, ಮನೆಮದ್ದು ಬದಿಗಿಟ್ಟು ಆಟೋ ಹತ್ತಬೇಕು.

ಮತ್ತೆ ಕಲ್ಲು ಕಟ್ಟದಿರಲು ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕಂತೆ. ನಿಂಬೆಹಣ್ಣಿನ ಸಿಟ್ರೇಟ್ ಒಳ್ಳೆಯದು, ಉಪ್ಪು ಕಡಿಮೆಯಿರಲಿ. ಸುಣ್ಣದ ಅಂಶವೆಂದು ಹಾಲು-ಮೊಸರು ಬಿಟ್ಟಿದ್ದೆ. ಅದೂ ತಪ್ಪಂತೆ: ಪಾಲಕಿನಂಥ ಸೊಪ್ಪಿನ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುವುದು ಆ ಸುಣ್ಣವೇ. ಅಮ್ಮನಿಗೆ ಹೇಳಿದೆ. ಮಾರನೆಯ ದಿನ ದಿಂಡು ಮೊಸರುಬಜ್ಜಿಯಾಗಿ ಬಂತು.