ಗಡಿಯಲ್ಲಿ ಸಿಕ್ಕ ಅಕ್ಷರ

ನನ್ನದು ತಾಳವಾಡಿಯ ಬೆಟ್ಟಸೀಮೆ. ಚಾಮರಾಜನಗರ ನಮಗೆ ನೆರೆಯ ಪೇಟೆ. ಜಿಲ್ಲಾಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. 1956ರಲ್ಲಿ ರಾಜ್ಯಗಳ ಗಡಿ ಗೊತ್ತಾದಾಗ ನಮ್ಮ ಸೀಮೆ ಮದರಾಸು ರಾಜ್ಯದಲ್ಲಿಯೇ ನಿಂತಿತು. ಮನೆಮಾತು ಕನ್ನಡವಾಗಿಯೇ ಉಳಿಯಿತು.

ಹೊಟ್ಟೆಪಾಡಿಗೆ ನಾನು ಹಿಡಿದದ್ದು ತಂತ್ರಾಂಶದ ಕೆಲಸ. ಒಂದು ಪ್ರೋಗ್ರಾಮಿಂಗ್ ಭಾಷೆಯ 'ಲೈಬ್ರರಿ'ಯೊಂದು ನಮ್ಮ ತಂಡದ ಹೊಣೆ. ಕಡತದಿಂದ ಅಕ್ಷರಗಳನ್ನು ತರುವ, ಮರಳಿ ಕಡತಕ್ಕೆ ಒಪ್ಪಿಸುವ ಸಿದ್ಧ ಸೂಚನೆಗಳ ಕಂತೆ ಅದು. ಅದರ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಒರೆಗೆ ಹಚ್ಚುವುದೇ ಯೂನಿಟ್ ಟೆಸ್ಟ್.

ನಾನು ಬರೆದ ಪರೀಕ್ಷೆಗಳೆಲ್ಲ ತೇರ್ಗಡೆಯಾಗಿದ್ದವು. ಒಂದು ಸಂಜೆ, ಸುಮ್ಮನೆ, ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಓದಿಸಿದೆ. 'ತಾಳವಾ' ಎಂಬಲ್ಲಿಗೆ ಸರಿಯಾಗಿ ಬಂದಿತು. 'ಡಿ' ಇರಬೇಕಾದಲ್ಲಿ ಪ್ರಶ್ನೆಚಿಹ್ನೆಗಳು!

ಕಾರಣ ಸರಳ. ಕಣ್ಣಿಗೆ ನಾಲ್ಕೇ ಅಕ್ಷರವಾದ 'ತಾಳವಾಡಿ' ಯೂನಿಕೋಡ್‌ನಲ್ಲಿ 7 ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್; ಒಟ್ಟು 21. ಲೈಬ್ರರಿಯಾದರೋ ಕಡತವನ್ನು ಒಮ್ಮೆಗೇ ನುಂಗದೆ ತುತ್ತುತುತ್ತಾಗಿ ಓದುತ್ತದೆ. ಪರೀಕ್ಷೆಗೆಂದು ಆ ತುತ್ತನ್ನು 16 ಬೈಟಿಗೆ ಇಳಿಸಿದ್ದೆ. ಹೀಗಾಗಿ 'ಡ'ಕಾರದ ಒಂದು ಬೈಟ್ ಮೊದಲ ತುತ್ತಿಗೂ ಉಳಿದೆರಡು ಮುಂದಿನದಕ್ಕೂ ಹಂಚಿಹೋದವು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್. ಅದು ಸೀಳುವ ಮಾತೇ ಇಲ್ಲ. ನನ್ನ ಪರೀಕ್ಷೆಗಳಲ್ಲಿ ಇದ್ದುದೆಲ್ಲ ಇಂಗ್ಲಿಷ್ ಪದಗಳೇ. ಕನ್ನಡಕ್ಕೆ ಸ್ಥಳವಿಲ್ಲವೆಂದು ಊರೂರಿನಲ್ಲಿ ದೂರುತ್ತಿದ್ದ ನಾನೇ ಅದಕ್ಕೆ ಸ್ಥಳ ಕೊಟ್ಟಿರಲಿಲ್ಲ. ಅಂದು ನಾಚಿಕೆಯಾಯಿತು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆನ್ನುತ್ತಾರೆ. ಇಲ್ಲಿ ಅದು ಸಾಲದು. ಪೈಥಾನ್ ಭಾಷೆಯ ಇಂಥದೇ ಲೈಬ್ರರಿಯ ಪರೀಕ್ಷೆಗಳಲ್ಲಿ ತುತ್ತಿನ ಅಳತೆಯನ್ನು 15, 16, 17. 31, 32, 33 ಎಂದು ಬದಲಿಸುತ್ತಾರೆ. ಗಡಿಯ ಈಚೆ, ಗಡಿ, ಗಡಿಯ ಆಚೆ. ನಮ್ಮೂರಿನ ಹೆಸರು 15ರಲ್ಲಿ ಅಖಂಡವಾಗಿ ಬರುತ್ತದೆ. 16ರಲ್ಲಿಯೂ 17ರಲ್ಲಿಯೂ ಸೀಳುತ್ತದೆ. 15ನ್ನಷ್ಟೇ ನೋಡಿದವನು ಎಲ್ಲವೂ ಕ್ಷೇಮವೆಂದು ನಂಬಿ ಮಲಗುತ್ತಾನೆ.

ಪರಿಹಾರವೂ ಸರಳವೇ: ಅರ್ಧ ಬಂದ ಅಕ್ಷರವನ್ನು ಎಸೆಯದೆ, ಉಳಿದರ್ಧ ಬರುವವರೆಗೆ ಕೈಯಲ್ಲಿ ಹಿಡಿದಿರಬೇಕು. ಹಾಗೆ ತಿದ್ದಿ, 1ರಿಂದ 22ರವರೆಗಿನ ಪ್ರತಿ ಅಳತೆಗೂ ಹೆಸರನ್ನು ಓದಿಸಿದೆ. ಪ್ರತಿ ಸಲವೂ 'ತಾಳವಾಡಿ' ತಾಳವಾಡಿಯಾಗಿಯೇ ಬಂದಿತು.

ಈಗ ಪ್ರತಿ ತಿದ್ದುಪಡಿಯ ನಂತರವೂ ಆ ಪರೀಕ್ಷೆ ನಡೆಯುತ್ತದೆ. ತಂತ್ರಾಂಶ ಬರೆಯುವ ನಮ್ಮ ಮನೆಮಕ್ಕಳಲ್ಲಿ ನನ್ನ ಅರಿಕೆ ಇಷ್ಟೇ: ಮೊದಲ ಪರೀಕ್ಷೆಯಲ್ಲಿಯೇ ನಿಮ್ಮೂರಿನ ಹೆಸರನ್ನು ಕನ್ನಡದಲ್ಲಿ ಬರೆದು ನೋಡಿ.