ಅಚ್ಚಿನ ಎಣ್ಣೆ

ಎತ್ತಿನ ಗಾಡಿಯನ್ನು ಹೊಡೆದವರೆಲ್ಲರೂ ಕೀಲೆಣ್ಣೆಯ ಮಹಿಮೆಯನ್ನು ಬಲ್ಲರು. ಎಣ್ಣೆ ತಪ್ಪಿದ ಅಚ್ಚು ಮೊದಲು ಅಳುತ್ತದೆ, ಆಮೇಲೆ ಸುಡುತ್ತದೆ, ಕೊನೆಗೆ ಗಾಡಿಯನ್ನೇ ನಿಲ್ಲಿಸುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ, ಎಣ್ಣೆ ಕುಡಿದ ಮಡಕೆ ಮತ್ತು ತೊಗಲುಗಳ ಜೊತೆಗೆ ಬಂಡಿಯ ಅಚ್ಚನ್ನೂ ದೃಷ್ಟಾಂತವಾಗಿ ಕೊಟ್ಟಿದೆ. ದೇಹದ ವಿಷಯವನ್ನು ತಿಳಿಸಲು ವೈದ್ಯನು ಬಂಡಿಯವನ ಕೆಲಸದಿಂದ ಹೋಲಿಕೆಯನ್ನು ಎತ್ತಿಕೊಂಡನೆಂದರೆ, ಆ ಕೆಲಸವು ಅಂದಿನ ಜನಕ್ಕೆಲ್ಲ ಪರಿಚಿತವಾಗಿದ್ದಿರಬೇಕು. ಇಂದು ಅಚ್ಚು ಉಕ್ಕಿನ ಕೊಳವೆಯೊಳಗೆ ಅಡಗಿದೆ. ಅದಕ್ಕೂ ಎಣ್ಣೆ ಬೇಕೆಂಬುದನ್ನು ಬಹುಮಂದಿ ಮರೆತಿದ್ದಾರೆ.

ಜೀಪಿನ ಕೆಳಗೆ ಬಗ್ಗಿ ನೋಡಿದವರಿಗೆ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಒಂದು ಭಾಗವು ಕಾಣುತ್ತದೆ. ಡಿಫರೆನ್ಷಿಯಲ್ ಎಂಬ ಯಂತ್ರಾಂಗದ ವಾಸ ಅಲ್ಲಿ. ಎತ್ತಿನ ಗಾಡಿಯ ಎರಡು ಗಾಲಿಗಳೂ ತಮ್ಮ ತಮ್ಮ ಪಾಡಿಗೆ ತಿರುಗುತ್ತವೆ, ಎಳೆಯುವವು ಎತ್ತುಗಳು. ಮೋಟಾರಿನಲ್ಲಾದರೋ ಗಾಲಿಯೇ ಗಾಡಿಯನ್ನು ತಳ್ಳಬೇಕು. ಆದಕಾರಣ ಯಂತ್ರದ ಬಲವು ಎರಡು ಗಾಲಿಗಳಿಗೂ ಮುಟ್ಟಬೇಕು. ಆದರೆ ತಿರುವಿನಲ್ಲಿ ಹೊರಗಿನ ಗಾಲಿಗೆ ದಾರಿ ಹೆಚ್ಚು, ಒಳಗಿನದಕ್ಕೆ ಕಡಮೆ. ಗಾಲಿಗಳ ನಡುವೆ 4 ಅಡಿ ಅಂತರವಿರುವ ಜೀಪು ಘಾಟಿಯ ಹಿಮ್ಮುರಿ ತಿರುವಿನಲ್ಲಿ ಅರ್ಧ ಸುತ್ತು ಹೊರಳಿದರೆ, ಹೊರಗಿನ ಗಾಲಿಯು ಒಳಗಿನದಕ್ಕಿಂತ ಸುಮಾರು 12½ ಅಡಿ ಹೆಚ್ಚಾಗಿ ನಡೆಯಬೇಕಾಗುತ್ತದೆ. ಎರಡನ್ನೂ ಒಂದೇ ಸಲಾಕೆಗೆ ಬಿಗಿದರೆ ಒಂದು ಗಾಲಿ ನೆಲವನ್ನು ಉಜ್ಜಿಕೊಂಡು ಜಾರಬೇಕು. ಈ ತೊಡಕಿಗೆ 1820ರ ದಶಕದ ಕೊನೆಯಲ್ಲಿ ಒನೆಸಿಫೋರ್ ಪೆಕ್ಯೂರ್ ಎಂಬ ಫ್ರೆಂಚ್ ಗಡಿಯಾರಗಾರನು ತನ್ನ ಉಗಿಬಂಡಿಗಾಗಿ ಪರಿಹಾರವನ್ನು ಕಂಡುಕೊಂಡನು. ಬಲವನ್ನು ಎರಡು ಕಡೆಗೂ ಹಂಚಿ, ವೇಗವನ್ನು ಮಾತ್ರ ಅವರವರ ದಾರಿಗೆ ತಕ್ಕಂತೆ ಬಿಟ್ಟುಕೊಡುವ ಹಲ್ಲುಚಕ್ರಗಳ ಕೂಟವೇ ಅದು.

ಈ ಚಕ್ರಗಳ ದುಡಿಮೆ ಕಠಿನವಾದುದು. ಹಳೆಯ ವಿಲ್ಲಿಸ್ ಸಿಜೆ ಮಾದರಿಯ ಜೀಪುಗಳಲ್ಲಿ 8 ಹಲ್ಲಿನ ಪಿನಿಯನ್ನು 43 ಹಲ್ಲಿನ ಕ್ರೌನನ್ನು ತಿರುಗಿಸುವುದುಂಟು. ಅಂದರೆ ಚಿಕ್ಕದು ಐದು ಸುತ್ತಿಗೂ ಹೆಚ್ಚು ತಿರುಗಿದ ಮೇಲೆ ದೊಡ್ಡದು ಒಂದು ಸುತ್ತು ತಿರುಗುವುದು. ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ, ಅಪಾರವಾದ ಒತ್ತಡದಲ್ಲಿ ಒಂದನ್ನೊಂದು ತೀಡಿಕೊಂಡು ಜಾರುತ್ತವೆ. ಸಾಮಾನ್ಯವಾದ ಎಣ್ಣೆಯ ಪದರವು ಅಲ್ಲಿ ಹರಿದುಹೋಗುತ್ತದೆ. ಆದ್ದರಿಂದಲೇ 90ರ ದರ್ಜೆಯ ಗಟ್ಟಿ ಎಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರಸಿರುತ್ತಾರೆ. ಕಾವು ಏರಿದಾಗ ಅವು ಉಕ್ಕಿನ ಮೈಗೆ ಹತ್ತಿ ಕಾಪಾಡುವ ತೆಳುವಾದ ಲೇಪವಾಗುತ್ತವೆ. ಆ ಎಣ್ಣೆಯ ಕಟುವಾದ ವಾಸನೆಗೆ ಕಾರಣ ಇದೇ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂಬುದೊಂದೇ ಮಾತು; ಒತ್ತಿಕೊಂಡು ದುಡಿಯಬೇಕಾದವರ ನಡುವೆ ಇರಬೇಕಾದ ವಸ್ತುವೂ ಅದೇ ಅಲ್ಲವೆ?

1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪು, 1947ರಲ್ಲಿ ಮಹೀಂದ್ರ ಸಂಸ್ಥೆಯವರ ಮೂಲಕ ನಮ್ಮ ದೇಶದ ರಸ್ತೆಗಳಿಗೆ ಬಂದಿತು. ಯುದ್ಧಕ್ಕೆಂದು ಹುಟ್ಟಿದ ಈ ಬಂಡಿ ಮಲೆನಾಡಿನಲ್ಲಿ ಗೊಬ್ಬರದ ಮೂಟೆ, ಅಡಕೆಯ ಚೀಲ, ಮದುವೆಯ ದಿಬ್ಬಣ, ರೋಗಿ ಎಲ್ಲವನ್ನೂ ಹೊತ್ತು ಸಂಸಾರಿಯಾಯಿತು. ಮಳೆಗಾಲದಲ್ಲಿ ಹಳ್ಳಗಳನ್ನು ದಾಟುವುದೂ ಅದರ ಪಾಲಿನ ಕೆಲಸ. ಓಡಿ ಬಿಸಿಯಾದ ಅಚ್ಚು ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುರಂಧ್ರದಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಕ್ಕೆ ಹೀರುತ್ತದೆ. ನೀರು ಸೇರಿದ ಎಣ್ಣೆ ಹಲ್ಲುಗಳನ್ನು ಕಾಯಲಾರದು. ಬೇರಿಂಗುಗಳಿಗೆ ತುಕ್ಕು ಹಿಡಿಯುವುದಕ್ಕೂ ಅದು ಮೊದಲಾಗುತ್ತದೆ.

ಅಂತಹ ಒಂದು ಜೀಪು ಮಲೆನಾಡಿನ ಒಬ್ಬ ಅಡಕೆ ಬೆಳೆಗಾರನ ಮನೆಯಲ್ಲಿತ್ತು. ರೋಹಿಣಿ ಮಳೆ ಮುಗಿದು ಮೃಗಶಿರೆ ಹಿಡಿಯಲು ಎರಡು ದಿನವಿರುವಾಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನು ರಜಕ್ಕೆ ಬಂದವನು ಎಣ್ಣೆ ಬದಲಿಸುವೆನೆಂದು ಅಂಗಳದಲ್ಲಿ ಬಂಡಿಯ ಕೆಳಗೆ ತೂರಿದನು. ಅಚ್ಚಿನ ಉಬ್ಬಿಗೆ ಎರಡು ಪ್ಲಗ್ಗುಗಳಿರುತ್ತವೆ: ಕೆಳಗಿನದು ಬಸಿಯುವುದಕ್ಕೆ, ಮೇಲಿನದು ತುಂಬುವುದಕ್ಕೆ. ಹುಡುಗನು ಕೆಳಗಿನದಕ್ಕೆ ಸ್ಪ್ಯಾನರು ಹಾಕಿದ್ದನ್ನು ಜಗಲಿಯಿಂದ ಕಂಡ ಮುದುಕನು ಎದ್ದು ಬಂದನು.

“ತಡಿ ಮಗು. ಮೇಲಿನದು ಬಿಚ್ಚುತ್ತದೆಯೋ ನೋಡಿದೆಯಾ?”

“ಮೊದಲು ಹಳೆಯದು ಹೋಗಲಿ ಅಜ್ಜಯ್ಯ. ಆಮೇಲೆ ತಾನೆ ತುಂಬುವುದು?”

“ಹೋದ ಮೇಲೆ ಮೇಲಿನದು ಬಿಚ್ಚದಿದ್ದರೆ?”

ಹುಡುಗನಲ್ಲಿ ಉತ್ತರವಿರಲಿಲ್ಲ. ಮೇಲಿನ ಪ್ಲಗ್ಗಿಗೆ ಸ್ಪ್ಯಾನರು ಹಾಕಿ ಮೈಯೆಲ್ಲ ಬಲವನ್ನು ಬಿಟ್ಟರೂ ಅದು ಕದಲಲಿಲ್ಲ. ಮೂರು ಮಳೆಗಾಲ ಅದನ್ನು ಯಾರೂ ಮುಟ್ಟಿರಲಿಲ್ಲ, ಮುದುಕನೂ ಮುಟ್ಟಿರಲಿಲ್ಲ. ತಂತಿಬ್ರಷಿನಿಂದ ತುಕ್ಕನ್ನು ಉಜ್ಜಿ, ಅಂಚಿಗೆ ತೆಳುವಾದ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಬೆಳಗಿನವರೆಗೆ ಹಾಗೆಯೇ ಇರಲಿ ಎಂದು ಬಿಟ್ಟರು.

ಅಂದು ರಾತ್ರಿ ಹನ್ನೊಂದರ ಹೊತ್ತಿಗೆ ತೋಟದಾಚೆಯ ಮನೆಯಿಂದ ಒಬ್ಬನು ಓಡಿ ಬಂದನು. ಅವನ ಹೆಂಡತಿಗೆ ಹೆರಿಗೆಯ ನೋವು ಹತ್ತಿತ್ತು. ಆಂಬುಲೆನ್ಸು ಡಾಂಬರು ರಸ್ತೆಯವರೆಗೆ ಬಂದೀತು. ಅಲ್ಲಿಂದ ಮೇಲಿನ ಎರಡು ಮೈಲಿ ಕೆಸರು ದಾರಿ ಅದಕ್ಕೆ ಸಾಧ್ಯವಿರಲಿಲ್ಲ. ಮೊಮ್ಮಗನೇ ಜೀಪು ಹೊರಡಿಸಿದನು. ಕೆಟ್ಟ ಎಣ್ಣೆಯೇ ಆಗಲಿ, ಅಚ್ಚಿನೊಳಗೆ ಎಣ್ಣೆಯಿತ್ತು. ಜೀಪು ಇಳಿಯಿತು, ಆಕೆಯನ್ನು ಆಂಬುಲೆನ್ಸಿಗೆ ಒಪ್ಪಿಸಿತು, ಮರಳಿ ಬಂದಿತು. ಬೆಳಗ್ಗೆ ಹೆಣ್ಣುಮಗು ಹುಟ್ಟಿದ ಸುದ್ದಿ ಬಂದಿತು.

ಅದರ ಮೇಲೆ ಮೇಲಿನ ಪ್ಲಗ್ಗನ್ನು ತಿರುಗಿಸಿದರೆ, ಒಮ್ಮೆ ಕಿರ್ರೆಂದು ಬಿಚ್ಚಿಕೊಂಡಿತು. ಬಳಿಕ ಕೆಳಗಿನದನ್ನು ತೆಗೆದರು. ಹಾಲು ಬೆರಸಿದ ಕಾಫಿಯ ಬಣ್ಣದ ಎಣ್ಣೆ ಬೋಗುಣಿಗೆ ಸುರಿಯಿತು. ಮುದುಕನು ಅದನ್ನು ಬೆರಳುಗಳ ನಡುವೆ ತೀಡಿ ನೋಡಿದನು. ಅಭ್ರಕದಂತೆ ಮಿನುಗುವ ನುಣ್ಣನೆಯ ಪುಡಿ ಸವೆತದ ಸಹಜವಾದ ಗುರುತು; ಮೊನೆಯುಳ್ಳ ಚೂರು ಸಿಕ್ಕಿದರೆ ಒಳಗೆ ಹಲ್ಲು ಮುರಿದಿದೆಯೆಂದು ಅರ್ಥ. ಚೂರು ಸಿಕ್ಕಲಿಲ್ಲ. ಸವೆದ ಸೀಲನ್ನು ಬದಲಿಸಿ, ಉಸಿರುರಂಧ್ರವನ್ನು ಶುಚಿಮಾಡಿ, ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಮೇಲಿನ ರಂಧ್ರದ ಅಂಚಿಗೆ ಬರುವವರೆಗೆ ಹೊಸ ಎಣ್ಣೆಯನ್ನು ತುಂಬಿದರು. ಹಿಡಿದದ್ದು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು. ಹಳೆಯದನ್ನು ಹಳ್ಳಕ್ಕೆ ಚೆಲ್ಲದೆ ಡಬ್ಬದಲ್ಲಿ ತುಂಬಿ, ಪೇಟೆಯಲ್ಲಿ ಅಂತಹ ಎಣ್ಣೆಯನ್ನು ಕೊಳ್ಳುವವರಿಗೆ ಕೊಡಲು ಎತ್ತಿಟ್ಟರು.

ಬರಿದು ಮಾಡುವ ಕೆಲಸಕ್ಕೆ ಭೂಮಿಯ ಆಕರ್ಷಣೆಯೇ ಸಹಾಯಕ್ಕೆ ಬರುತ್ತದೆ. ತುಂಬುವುದಕ್ಕೆ ಮನುಷ್ಯನೇ ಶ್ರಮಪಡಬೇಕು. ನಲ್ಲಿ ಬರುವುದೆಂಬ ಭರವಸೆಯಿಂದ ಬಾವಿಯನ್ನು ಮುಚ್ಚಿದ ಊರು, ಹೊಸ ವಿದ್ಯೆ ಕೈಗೆ ಹತ್ತುವ ಮುನ್ನ ಹಳೆಯದನ್ನು ಮರೆತ ಮನೆ, ಇವೆಲ್ಲ ಕೆಳಗಿನ ಪ್ಲಗ್ಗನ್ನು ಮೊದಲು ಬಿಚ್ಚಿದವರ ಕಥೆಗಳೇ. ಹಳೆಯ ಎಣ್ಣೆ ಕೆಟ್ಟಿರಲಿಲ್ಲವೆಂದು ಯಾರೂ ವಾದಿಸಲಾರರು. ಮೊಮ್ಮಗನ ಅವಸರಕ್ಕೆ ನ್ಯಾಯವಿತ್ತು. ಮೇಲಿನ ಬಾಯಿ ತುಕ್ಕು ಹಿಡಿದು ಕೂತದ್ದು ಹಿರಿಯರ ಉದಾಸೀನದಿಂದ ಎಂಬುದನ್ನೂ ಮುಚ್ಚಿಡಲಾಗದು. ಹಿರಿಯರು ವರ್ಷಕ್ಕೊಮ್ಮೆಯಾದರೂ ಆ ಬಾಯನ್ನು ತೆರೆದು ನೋಡುತ್ತಿದ್ದರೆ, ಕಿರಿಯರು ಅದು ತೆರೆಯುವುದನ್ನು ಕಂಡ ಮೇಲೆ ಕೆಳಗಿನದಕ್ಕೆ ಕೈಹಾಕಿದರೆ, ಬಂಡಿ ಯಾವ ಮಳೆಗೂ ಅಂಜಬೇಕಾಗಿಲ್ಲ.