ಪಡುವಣಕ್ಕೆ ಹೋಗುವ ನೀರು

ಲೋಣಾವಳದಲ್ಲಿ ಮನೆ ಮಾಡಿದ್ದೇವೆ ಎಂದರೆ ಮುಂಬೈಯ ಗೆಳೆಯರು ‘ಪುಣ್ಯವಂತರು’ ಎನ್ನುತ್ತಾರೆ. ನಮ್ಮದು ಪುಣ್ಯದ ಲೆಕ್ಕವಲ್ಲ, ರೈಲಿನ ಲೆಕ್ಕ. ನನ್ನ ಕೆಲಸ ದಾದರದಲ್ಲಿ, ಹೆಂಡತಿಯದು ಚಿಂಚವಡದಲ್ಲಿ. ಇಲ್ಲಿಂದ ಮುಂಬೈಗೆ ಸುಮಾರು 128 ಕಿ.ಮೀ., ಪುಣೆಗೆ 64. ಬೆಳಿಗ್ಗೆ ಎಂಟು ದಾಟುತ್ತಲೇ ಡೆಕ್ಕನ್ ಕ್ವೀನ್ ನನ್ನನ್ನು ಪಡುವಣಕ್ಕೆ ಒಯ್ಯುತ್ತದೆ, ಲೋಕಲ್ ಅವಳನ್ನು ಮೂಡಣಕ್ಕೆ. ಸಂಜೆ ಅದೇ ಡೆಕ್ಕನ್ ಕ್ವೀನ್ 5.10ಕ್ಕೆ ಸಿಎಸ್‌ಎಂಟಿ ಬಿಡುತ್ತದೆ. 1930ರಿಂದ ಓಡುತ್ತಿರುವ ಗಾಡಿ ಅದು. ನಮ್ಮ ಆಫೀಸಿನ ಮೀಟಿಂಗ್ ಮುಗಿಯಲಿ ಎಂದು ಕಾಯುವುದಿಲ್ಲ.

ಈ ಊರಿನ ಶಾಂತಿ ವಾರಕ್ಕೆ ಐದೇ ದಿನ. ಶುಕ್ರವಾರ ರಾತ್ರಿ ಎಕ್ಸ್‌ಪ್ರೆಸ್‌ವೇಯಿಂದ ಕಾರುಗಳು ಇಳಿಯತೊಡಗುತ್ತವೆ. ಮಳೆಗಾಲದ ಭಾನುವಾರ ಭೂಶಿ ಡ್ಯಾಮಿನ ರಸ್ತೆ ದಾಟಿ ಹಾಲು ತರುವುದೂ ಸಾಹಸವೇ. ಸೋಮವಾರ ಊರು ಮತ್ತೆ ಮಂಜಿನದಾಗುತ್ತದೆ, ಚಿಕ್ಕಿ ಅಂಗಡಿಯವರದಾಗುತ್ತದೆ. ಆದರೆ ಸೋಮವಾರ ನಾವಿರುವುದಿಲ್ಲ. ಆ ಶಾಂತಿಗೆ ಬಾಡಿಗೆ ಕಟ್ಟುವವರು ನಾವು; ಉಣ್ಣುವವರು ಮಗಳನ್ನು ನೋಡಿಕೊಳ್ಳುವ ಮಾವಶಿ ಮತ್ತು ಮನೆ ಮಾಲೀಕರ ನಾಯಿ.

ಇಲ್ಲಿನ ಕೆರೆಗಳೂ ಹಾಗೆಯೇ ಎಂದು ನನಗೆ ತಿಳಿದದ್ದು ತಡವಾಗಿ. ಲೋಣಾವಳ, ವಲವಣ, ಶಿರವತಾ ಮೂರೂ ಟಾಟಾದವರು ಮುಂಬೈಯ ಹತ್ತಿ ಗಿರಣಿಗಳಿಗೆ ವಿದ್ಯುತ್ ಕೊಡಲು ಕಟ್ಟಿಸಿದವು. ಇಲ್ಲಿ ನಿಂತ ನೀರು ಕೊಳವೆಗಳಲ್ಲಿ ಘಟ್ಟ ಇಳಿದು ಖೋಪೋಲಿಯ ಟರ್ಬೈನುಗಳನ್ನು ತಿರುಗಿಸುತ್ತದೆ. 1915ರಿಂದ ಅದೇ ಅದರ ಕೆಲಸ. ಆಮೇಲೆ ಪಾತಾಳಗಂಗಾ ನದಿಗೆ ಸೇರಿ ಅರಬ್ಬೀ ಸಮುದ್ರ. ಇಂಥ ಕೆರೆಗಳಿಗೆ ಬೆಲೆ ತೆತ್ತವರೂ ಇದ್ದಾರೆ. ಇಲ್ಲಿಂದ ತೆಂಕಣಕ್ಕಿರುವ ಮುಳಶಿಯಲ್ಲಿ ಟಾಟಾ ಅಣೆಕಟ್ಟೆಗೆ ಹೊಲ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟ್ ಜೈಲು ಕಂಡರು. ಆದರೂ ಅಣೆಕಟ್ಟು ಎದ್ದಿತು.

ಘಟ್ಟದ ಈ ನೆತ್ತಿಯ ಮಳೆ ತನ್ನ ಪಾಡಿಗೆ ಹರಿದಿದ್ದರೆ ಅದರ ದಾರಿ ಬೇರೆ. ಇಂದ್ರಾಯಣಿಯಾಗಿ ದೇಹು, ಆಳಂದಿ ದಾಟಿ, ತುಳಾಪುರದಲ್ಲಿ ಭೀಮೆಯನ್ನು ಸೇರಿ, ಪಂಢರಪುರ ಮುಟ್ಟಿ, ಗಾಣಗಾಪುರದ ಮಗ್ಗುಲಲ್ಲಿ ಹರಿಯುತ್ತಿತ್ತು. ಗಾಣಗಾಪುರ ಇರುವುದು ಅಫಜಲಪುರ ತಾಲೂಕಿನಲ್ಲಿ. ಅದೇ ತಾಲೂಕಿನ, ಭೀಮೆಯ ದಂಡೆಯ ಊರು ನನ್ನದು.

ಬೇಸಿಗೆಯಲ್ಲಿ ಅಪ್ಪನ ಫೋನ್ ಬಂದರೆ ಮೊದಲ ಮಾತು, ‘ಹೊಳ್ಯಾಗ ನೀರಿಲ್ಲ.’ ಉಜನಿಯಿಂದ ನೀರು ಬಿಡಿಸಿರೆಂದು ನಮ್ಮ ಕಡೆಯವರು ಮನವಿ ಕೊಡುವುದು ಹೆಚ್ಚುಕಡಿಮೆ ಪ್ರತಿ ವರ್ಷದ ಮಾತು. ಈ ಕೆರೆಗಳನ್ನು ಪೂರ್ತಿ ಮೂಡಣಕ್ಕೆ ತಿರುಗಿಸಿದರೂ ನಡುವೆ ಉಜನಿ ಇದೆ, ಸೋಲಾಪುರದ ಕಬ್ಬು ಇದೆ. ನಮ್ಮೂರ ತನಕ ಮುಟ್ಟುವುದು ಸುಲಭವಲ್ಲ. ಅಷ್ಟು ಗೊತ್ತಿದ್ದರೂ, ರಾತ್ರಿ ಬಾಲ್ಕನಿಯಲ್ಲಿ ನಿಂತು ತುಂಬಿದ ಕೆರೆ ನೋಡುತ್ತ ಆ ಫೋನಿಗೆ ಉತ್ತರಿಸುವುದು ಕಷ್ಟ.

ಕಳೆದ ಆಗಸ್ಟಿನಲ್ಲಿ ಅಪ್ಪ ಬಂದಿದ್ದರು. ವಲವಣದ ಬಳಿ ನಿಂತು, ‘ಈ ನೀರು ಯಾ ಕಡಿ ಹೋಗ್ತದ?’ ಎಂದು ಕೇಳಿದರು. ಕೋಡಿ ಬಿದ್ದದ್ದು ನಮ್ಮ ಕಡೆ, ಹಿಡಿದಿಟ್ಟದ್ದು ಮುಂಬೈ ಕಡೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನಂಗೇ ಅದ ಬಿಡು’ ಎಂದರು. ಬೈದದ್ದಲ್ಲ. ಹಬ್ಬಕ್ಕೆ ಎರಡು ದಿನ ಹೋಗುವವನು ನಾನು, ಕೋಡಿಯ ನೀರು.

ಮನೆಯ ಕರಾರು ಮೇ ತಿಂಗಳಿಗೆ ಮುಗಿಯುತ್ತದೆ. ಮಗಳ ಶಾಲೆಗೆಂದು ಹೆಂಡತಿ ಪುಣೆಯಲ್ಲಿ ಮನೆ ನೋಡುತ್ತಿದ್ದಾಳೆ. ಅಲ್ಲಿಗೆ ಹೋದರೆ ನನ್ನ ದಾರಿ ಪ್ರತಿ ಬದಿಗೂ ಒಂದು ಗಂಟೆ ಉದ್ದವಾಗುತ್ತದೆ. ಇಬ್ಬರಲ್ಲಿ ಒಬ್ಬರು ನೌಕರಿ ಬಿಡುವ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ಎತ್ತಬೇಕಾದವನು ನಾನೇ ಎಂದು ಈಚೆಗೆ ಅನಿಸುತ್ತಿದೆ.